ಬಾಗಿಲಿಗೆ ಹೇಳದ ಹೆಸರು

ನಮ್ಮೂರಿನ ಬಾಗಿಲುಗಳಿಗೆ ಚಿಲಕವೂ ಇಲ್ಲ, ಬೀಗವೂ ಇಲ್ಲ. ಹೆಸರೊಪ್ಪಿಸಿಕೊಂಡವರು ಎದುರು ನಿಂತು ‘ತೆರೆಯವ್ವ’ ಅಂದರೆ ತೆರೆಯುತ್ತವೆ, ಉಳಿದವರು ಗಂಟಲು ಹರಿದುಕೊಂಡರೂ ಮಿಸುಕುವುದಿಲ್ಲ. ಹೊರಗಿನಿಂದಲೂ ಅಷ್ಟೇ, ಒಳಗಿನಿಂದಲೂ ಅಷ್ಟೇ. ಹೆಸರೊಪ್ಪಿಸುವುದು ಅಂದರೆ ದೊಡ್ಡ ಶಾಸ್ತ್ರವೇನಲ್ಲ. ಮನೆ ಯಾರದೋ ಅವರು ಬಾಗಿಲುವಾಡದ ಮೇಲೆ ಕೈಯಿಟ್ಟು ‘ಇವರು ನಮ್ಮವರು’ ಅನ್ನಬೇಕು, ಹೊಸಬರು ಅರಿಸಿನ ಹಚ್ಚಿದ ಕೈಯನ್ನು ಪಕ್ಕದಲ್ಲಿಟ್ಟು ತಮ್ಮ ಹೆಸರು ಹೇಳಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ಹಲ್ಲುದುರಿದ ಅಜ್ಜಿ ತುಟಿಯೊಳಗೇ ಗೊಣಗಿದರೂ ಬಾಗಿಲಿಗೆ ಕೇಳುತ್ತದೆ.

ಹುಟ್ಟಿದಾಗಿನಿಂದ ಇದನ್ನೇ ಕಂಡವರಿಗೆ ಇದರಲ್ಲಿ ಬೆರಗೇನೂ ಕಾಣುವುದಿಲ್ಲ. ತಮಾಷೆಗಳು ಮಾತ್ರ ಬೇಕಾದಷ್ಟಿವೆ. ಕುಡಿದು ನಾಲಿಗೆ ತೊದಲುವ ಗಂಡಂದಿರ ಮಾತು ಬಾಗಿಲಿಗೆ ತಿಳಿಯುವುದಿಲ್ಲ. ನಮ್ಮ ಬೀದಿಯ ಚೌಡಪ್ಪ ಹೀಗೆ ಹೊರಗೆ ನಿಂತು ಅಂಗಲಾಚುವಾಗ ಅವನ ಹೆಂಡತಿ ಒಳಗಿಂದಲೇ, “ಅವ್ವಾ ಅವ್ವಾ ಅಂತ ಕರೀತಾ ಇದ್ದೀರಲ್ಲ, ಅವ್ವನ್ನೇ ಕೇಳ್ಕೊಳ್ಳಿ, ನಾನ್ಯಾಕೆ ಏಳ್ಲಿ?” ಅನ್ನುತ್ತಿದ್ದಳು. ಶೀತವಾಗಿ ಗಂಟಲು ಕಟ್ಟಿದವರು ಜಗಲಿಯ ಮೇಲೆ ಮುದುಡಿ ಕೂತಿದ್ದರೆ ಪಕ್ಕದ ಮನೆಯವರು ಕೇಳದೆಯೇ ಶುಂಠಿ ಕಷಾಯ ತಂದುಕೊಡುತ್ತಿದ್ದರು. ಸೊಸೆಯ ಹೆಸರು ಒಪ್ಪಿಸುವುದಕ್ಕೆ ಆಷಾಢ ಕಳೆಯಲಿ, ಗೌರಿ ಹಬ್ಬ ಬರಲಿ ಎಂದು ಮುಂದೂಡುವ ಅತ್ತೆಯರೂ ಇದ್ದರು. ಅದಕ್ಕೂ ನಾವು ನಗುತ್ತಿದ್ದೆವು. ನಗಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ನನ್ನದು ಕೋರ್ಟಿನ ಕಾಂಪೌಂಡಿನೊಳಗೆ ಒಂದು ಸಣ್ಣ ಕ್ಯಾಂಟೀನು. ಬಾಗಿಲ ಗೊಡವೆಯೇ ಬೇಡವೆಂದು ಗೋಣಿತಾಟು ಇಳಿಬಿಟ್ಟಿದ್ದೇನೆ. ಶಾಲೆ ನನಗೆ ಹತ್ತಲಿಲ್ಲ. ನಾನು ಕಲಿತದ್ದೆಲ್ಲ ಕಾಫಿ ಕುಡಿಯುತ್ತ ಜಗಳವಾಡುವ ವಕೀಲರಿಂದ, ವಾಯಿದೆ ಸಿಕ್ಕಿ ಸಪ್ಪಗಾದ ಕಕ್ಷಿದಾರರಿಂದ. ಯಾರು ಗೆದ್ದು ಬಂದರು, ಯಾರು ಸೋತು ಬಂದರು ಅನ್ನುವುದನ್ನು ‘ಕುಸುಮಕ್ಕಾ, ಒಂದು ಕಾಫಿ’ ಅನ್ನುವ ದನಿಯಲ್ಲೇ ಹೇಳಬಲ್ಲೆ. ಚಟ್ನಿ ರುಬ್ಬುವುದಕ್ಕೆ, ಪಾತ್ರೆಗೆ ನಿಂಗಕ್ಕ ಇದ್ದಳು. ವಯಸ್ಸಾದ ಹೆಂಗಸು, ಮಾತು ಕಡಿಮೆ. ನನ್ನಲ್ಲಿಗೆ ಬರುವ ಮೊದಲು ಎಣ್ಣೆಗಾಣದ ಬೀದಿಯ ಮಹಡಿ ಮನೆಯಲ್ಲಿ ಅಡುಗೆಗಿದ್ದಳು.

ಆ ಮಹಡಿ ಮನೆಯ ವಿಷಯ ಹೇಳಲೇಬೇಕು. ಮನೆ ಪಾತ್ರೆ ಅಂಗಡಿ ದೇವೀರಪ್ಪನದು. ಬಾಡಿಗೆಗಿದ್ದವಳು ಸರಸಕ್ಕ ಅನ್ನುವವಳು. ದೂರದ ಹಳ್ಳಿಗಳಿಂದ, ಊದುಬತ್ತಿ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಇಪ್ಪತ್ತು ದಾಟಿದ ಹೆಣ್ಣುಮಕ್ಕಳನ್ನು ಕರೆತಂದು, ಬಂದ ಗಂಡಸರಿಗೆ ದುಡ್ಡಿಗೆ ಒಪ್ಪಿಸುತ್ತಿದ್ದಳು. ಅವರು ಯಾರೂ ಬೀದಿಗೆ ಬಂದದ್ದನ್ನು ನಾವು ಕಾಣಲಿಲ್ಲ. ಹಾಲಿನವನು ಕೂಗಿದರೆ ಒಳಗಿನಿಂದ ಎಳೆಯ ದನಿಯೊಂದು, “ಸ್ವಲ್ಪ ನಿಲ್ಲಣ್ಣ, ನಮ್ಮ ಮಾತಿಗೆ ಇದು ತೆರೆಯಲ್ಲ, ಅಕ್ಕ ಎದ್ದು ಬರ್ಬೇಕು” ಅನ್ನುತ್ತಿತ್ತಂತೆ. ಅವನು ನಿಲ್ಲುತ್ತಿದ್ದ. ಹೆಸರು ಒಪ್ಪಿಸಿಲ್ಲ ಅಂದರೆ ಇನ್ನೂ ಗೌರಿ ಹಬ್ಬ ಬಂದಿಲ್ಲವೇನೋ ಎಂದುಕೊಂಡಿದ್ದ. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ಅಲ್ಲಿ ಎಷ್ಟು ಗೌರಿ ಹಬ್ಬ ಬಂದು ಹೋದವೋ.

ಕೊನೆಗೆ ಅವರಲ್ಲಿ ಒಬ್ಬಳು, ಚಿಕ್ಕತಾಯಿ ಅನ್ನುವವಳು, ಅಡುಗೆ ಮನೆಯ ಅಟ್ಟ ಹತ್ತಿ ಹೆಂಚು ಸರಿಸಿ ಹೊರಗೆ ಬಂದಳು. ಮಾಡಿನಿಂದ ಬಿದ್ದು ಕಾಲು ಮುರಿದುಕೊಂಡರೂ ಪೊಲೀಸ್ ಠಾಣೆಯ ತನಕ ತೆವಳಿದಳು. ಸರಸಕ್ಕನಿಗೆ ಜೈಲಾಯಿತು. ಉಳಿದ ಹೆಣ್ಣುಮಕ್ಕಳು ಸಿಕ್ಕಿದ ಬಸ್ಸು ಹತ್ತಿ ಊರು ಬಿಟ್ಟರು. ದೇವೀರಪ್ಪ ಮಾತ್ರ, “ನಾನು ಬಾಡಿಗೆಗೆ ಕೊಟ್ಟೋನು ಕಣ್ರಿ, ಒಳಗೆ ಏನು ನಡೆಯುತ್ತೆ ಅಂತ ನಂಗೇನು ಕನಸಾ?” ಅಂದುಕೊಂಡು ಮತ್ತೆ ಗಲ್ಲಾದ ಮುಂದೆ ಕೂತ.

ಕುಂಟುತ್ತ ಕ್ಯಾಂಟೀನಿಗೆ ಬಂದ ಚಿಕ್ಕತಾಯಿ ವಕೀಲೆ ಮೆಹರುನ್ನೀಸಾ ಅವರ ಎದುರು ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಕುಡಿಯಲಿಲ್ಲ.

“ಜೈಲಿಗೆ ಹಾಕಿದ್ರಲ್ಲಮ್ಮ, ಕೇಸು ಮುಗೀತು ಅಂತಾರೆ ಎಲ್ಲಾರೂ,” ಅಂದಳು.

“ಅದು ಸರಕಾರದ ಕೇಸಮ್ಮ. ಅದರಲ್ಲಿ ನೀನು ಸಾಕ್ಷಿ ಮಾತ್ರ. ಕರೆದಾಗ ಬರಬೇಕು, ಕೇಳಿದ್ದಕ್ಕೆ ಹೇಳಬೇಕು, ಹೋಗಬೇಕು. ಈಗ ಹಾಕೋದು ಸಿವಿಲ್ ದಾವೆ. ಇದು ನಿನ್ನ ಕೇಸು. ನಿನಗೆ ಆದ ನಷ್ಟಕ್ಕೆ ಏನು ಬೇಕು ಅಂತ ನೀನೇ ಕೇಳಬೇಕು. ಸರಸಕ್ಕನ್ನ ಮಾತ್ರ ಅಲ್ಲ, ಅದರಿಂದ ಲಾಭ ಮಾಡ್ಕೊಂಡೋರನ್ನೂ ಕೇಳಬಹುದು.”

“ನನ್ನ ಕೇಸಲ್ಲಿ ನನ್ನನ್ನ ಏನಂತಾರೆ?”

“ವಾದಿ ಅಂತಾರೆ.”

“ವಾದಿ,” ಅಂದಳು ಚಿಕ್ಕತಾಯಿ. ಆ ಮನೆಯಲ್ಲಿ ಅವಳನ್ನು ಬೇರೆ ಏನೇನೋ ಕರೆದಿದ್ದರಂತೆ. ಈ ಹೊಸ ಮಾತನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ, “ಹಂಗಾದ್ರೆ ಆ ಮನೇನೇ ಕೊಡಿಸಿ. ಬೇರೆ ಏನೂ ಬೇಡ. ಆ ಬಾಗಿಲು ನನ್ನ ಮಾತು ಕೇಳ್ಬೇಕು” ಅಂದಳು.

ಹಿಂದೆ ರುಬ್ಬುಗುಂಡಿನ ಸದ್ದು ನಿಂತಿತ್ತು. ತೆಂಗಿನಕಾಯಿ ಮುಗಿಯಿತೇನೋ ಎಂದುಕೊಂಡೆ.

ನಮ್ಮೂರ ಕಾನೂನಿನಲ್ಲಿ ಒಂದು ಮಾತಿದೆ. ಮನೆಯಲ್ಲಿ ಇರುವವರ ಹೆಸರನ್ನು ಬಾಗಿಲಿಗೆ ಒಪ್ಪಿಸದೆ ಇಟ್ಟುಕೊಂಡರೆ, ಒಳಗೆ ಅವರಿಗೆ ಏನೇ ಆದರೂ ಮನೆಯ ಒಡೆಯನೇ ಹೊಣೆ. ದೇವೀರಪ್ಪ ಮೊದಲ ದಿನ ಪೊಲೀಸರ ಮುಂದೆ ಗಾಬರಿಯಲ್ಲಿ, ‘ಎಲ್ಲರ ಹೆಸರನ್ನೂ ನಾನೇ ಒಪ್ಪಿಸಿದ್ದೆ, ಇಷ್ಟ ಬಂದಾಗ ಹೋಗಬಹುದಿತ್ತು’ ಅಂದುಬಿಟ್ಟಿದ್ದ. ಈಗ ಅದನ್ನು ನುಂಗುವ ಹಾಗಿರಲಿಲ್ಲ. ಅವನ ವಕೀಲ ರಂಗಧಾಮಯ್ಯ ಅದನ್ನೇ ಹಿಡಿದು ವಾದಿಸಿದ. ಮೆಹರ್ ಮೇಡಂ, “ಹಾಗಾದರೆ ಬಾಗಿಲನ್ನೇ ಕೇಳೋಣ ಸ್ವಾಮಿ” ಅಂದರು. ರಂಗಧಾಮಯ್ಯ ಬಾಗಿಲಿಗೆ ವಯಸ್ಸಾಗಿದೆ, ಗೆದ್ದಲು ಹಿಡಿದಿದೆ, ಮರೆವಿದೆ ಎಂದೆಲ್ಲ ಹೇಳಿ ನೋಡಿದ. ಜಡ್ಜು ಒಪ್ಪಲಿಲ್ಲ. ಕೋರ್ಟಿನ ಕಡೆಯಿಂದ ಕಮಿಷನರ್ ಒಬ್ಬರು ಹೋಗಿ ಎಲ್ಲರೆದುರು ಕೇಳಿ ಬರಲಿ ಎಂದು ಆರ್ಡರಾಯಿತು. ಒಬ್ಬರ ಹೆಸರಿನ ವಿಷಯಕ್ಕೆ ಬಾಗಿಲನ್ನು ಸಾಕ್ಷಿಗೆ ಕರೆಯುವುದು ಒಂದೇ ಸಲ. ಎರಡನೇ ಸಲ ಕೇಳಿದರೆ ಅದಕ್ಕೆ ಹೇಳಿಕೊಟ್ಟ ಹಾಗಾಗುತ್ತದೆ ಎಂದು ಹಿಂದಿನಿಂದಲೂ ನಿಯಮ.

ಆ ದಿನ ನಾನು ಕ್ಯಾಂಟೀನಿನ ಒಲೆ ಆರಿಸಿ ನಿಂಗಕ್ಕನನ್ನೂ ಕರೆದುಕೊಂಡು ಹೋದೆ. ಅವಳು ಬರುವುದಿಲ್ಲವೆಂದು ಸೆರಗಿನ ತುದಿ ತಿರುವುತ್ತ ನಿಂತಿದ್ದಳು. ನಾನೇ, “ಬಾರಕ್ಕ, ನೀನು ಉಂಡು ಉಳಿದ ಮನೆ, ಆ ಹುಡುಗಿಗೆ ಗುರುತಿನ ಮುಖ ಅಂತ ಒಂದಾದ್ರೂ ಇರ್ಲಿ” ಎಂದು ಎಳೆದೆ. ಎಣ್ಣೆಗಾಣದ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನವನೂ ಬಂದಿದ್ದ. ದೇವೀರಪ್ಪ ಹೆಗಲ ಮೇಲಿನ ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

“ಅಲ್ಲಮ್ಮ, ನಾನು ಒಳಗೇ ನಿಂತು ಹೇಳ್ಬೇಕಾ?” ಎಂದು ಚಿಕ್ಕತಾಯಿ ಕೇಳಿದಳು.

“ಒಳಗಿನಿಂದಲೇ. ನೀನು ಕೂಗಿದ್ದು ಒಳಗಿನಿಂದ ತಾನೇ? ಅದು ತೆರೆಯದಿದ್ದರೆ ನಿನ್ನ ಹೆಸರು ಒಪ್ಪಿಸಿಲ್ಲ ಅಂತ ಸಾಬೀತಾಯ್ತು. ನಾವು ಗೆದ್ದ ಹಾಗೆ,” ಅಂದರು ಮೆಹರ್ ಮೇಡಂ.

ಚಿಕ್ಕತಾಯಿ ನಕ್ಕಳು. ನಗು ಅಂತ ಅದನ್ನು ಕರೆಯಬಹುದಾದರೆ. “ಅಷ್ಟು ದಿನ ತೆರೀಲಿ ತೆರೀಲಿ ಅಂತ ಬೇಡ್ಕೊಂಡೆ. ಇವತ್ತು ತೆರೀಬೇಡ ಕಣವ್ವ ಅಂತ ಬೇಡ್ಕೋಬೇಕು. ಆಗ್ಲಿ.”

ದೇವೀರಪ್ಪ ಬಾಗಿಲು ತೆರೆಸಿದ. ಅವಳು ಹೊಸ್ತಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಕುಂಟುವ ಕಾಲನ್ನೇ ಮೊದಲು ಒಳಗಿಟ್ಟಳು. ಬಾಗಿಲು ಮುಚ್ಚಿಕೊಂಡಿತು. ಕಮಿಷನರ್ ಬೀದಿಯವರಿಗೆಲ್ಲ ಸುಮ್ಮನಿರಲು ಹೇಳಿ, “ಕೂಗಮ್ಮ” ಅಂದರು.

“ತೆರೆಯವ್ವ,” ಅಂದಿತು ಒಳಗಿನ ದನಿ. ಗಟ್ಟಿಯಾಗಿತ್ತು. ಬಾಗಿಲು ಅಲ್ಲಾಡಲಿಲ್ಲ.

“ಇನ್ನೊಮ್ಮೆ.”

“ತೆರೆಯವ್ವ.” ಈ ಸಲ ದನಿ ಸ್ವಲ್ಪ ನಡುಗಿತು. ಒಳಗೆ ಕತ್ತಲಿದ್ದಿರಬೇಕು. ಬಾಗಿಲು ಅಲ್ಲಾಡಲಿಲ್ಲ. ದೇವೀರಪ್ಪ ನೆಲ ನೋಡತೊಡಗಿದ. ಗೆದ್ದೆವು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

“ಕೊನೇ ಸಲ, ಅಮ್ಮ.”

ಮೂರನೆಯ ಸಲ ಬಂದದ್ದು ವಾದಿಯ ದನಿಯಲ್ಲ. ಅದು ಆ ಮನೆಯೊಳಗೆ ಇದ್ದವಳ ದನಿ. ಕೇಸು, ಕೋರ್ಟು, ಹೊರಗೆ ನಿಂತಿದ್ದ ನಾವು, ಎಲ್ಲವೂ ಅವಳಿಗೆ ಮರೆತುಹೋಗಿತ್ತು. “ತೆರೆಯೇ ಅವ್ವ... ತೆರೆಯೇ ನಮ್ಮವ್ವ...” ಎಂದು ಅಂಗೈಯಲ್ಲಿ ಹಲಗೆ ಬಡಿಯುತ್ತಿದ್ದಳು. ನನ್ನ ಪಕ್ಕದಲ್ಲಿ ನಿಂಗಕ್ಕನ ಮೈ ಗಡಗಡ ಅನ್ನುತ್ತಿತ್ತು. ಹಿಡಿದುಕೊಳ್ಳೋಣವೆಂದು ತಿರುಗಿದೆ. ಅವಳ ತುಟಿ ಅಲ್ಲಾಡಿತು.

ಬಾಗಿಲು ತೆರೆಯಿತು.

ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ಅಷ್ಟು ಅತ್ತವಳಿಗೆ ಬಾಗಿಲು ತೆರೆಯಿತಲ್ಲ ಅನ್ನುವ ಖುಷಿ. ಹಾಲಿನವನಂತೂ ಕಣ್ಣೊರೆಸಿಕೊಳ್ಳುತ್ತ, “ತೆರೀತು ತಾಯಿ, ತೆರೀತು!” ಎಂದು ಕುಣಿದ. ಹೊಸ್ತಿಲ ಮೇಲೆ ನಿಂತ ಚಿಕ್ಕತಾಯಿಯ ಮುಖ ನೋಡಿದ ಮೇಲೆ ಒಂದೊಂದೇ ಕೈ ಕೆಳಗಿಳಿಯಿತು. ಎಲ್ಲರಿಗಿಂತ ಬೆರಗಾಗಿದ್ದವನು ದೇವೀರಪ್ಪ, ಬಾಯಿ ತೆರೆದುಕೊಂಡು ತನ್ನ ಬಾಗಿಲನ್ನೇ ನೋಡುತ್ತಿದ್ದ. ಮೊದಲು ಚೇತರಿಸಿಕೊಂಡದ್ದು ರಂಗಧಾಮಯ್ಯ. “ಬರ್ಕೊಳ್ಳಿ ಸಾರ್, ವಾದಿಯ ಮಾತಿಗೆ ಬಾಗಿಲು ತೆರೆಯಿತು,” ಅಂದ. “ಇಷ್ಟ ಇದ್ದೇ ಒಳಗಿದ್ಳು ಅಂತಾಯ್ತು.”

ಕ್ಯಾಂಟೀನಿಗೆ ಬಂದವಳೇ ನಿಂಗಕ್ಕ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ನಾನು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತೆ.

“ನಿಂಗಕ್ಕ, ಆ ಬಾಗಿಲಿಗೆ ನಿನ್ನ ಹೆಸರು ಗೊತ್ತಾ?”

ಅವಳು ಇನ್ನೊಂದು ಲೋಟಕ್ಕೆ ಕೈಹಾಕಿದಳು.

“ಪೊಲೀಸ್ನೋರ ಹತ್ರ ಗೊತ್ತಿಲ್ಲ ಅಂದಿದ್ಯಲ್ಲ. ಸರಸಕ್ಕ ತೆರೆದ್ರೆ ಹೋಗ್ತಿದ್ದೆ, ತೆರೆದ್ರೆ ಬರ್ತಿದ್ದೆ ಅಂದಿದ್ಯಲ್ಲ.”

“ಸರಸಿ ಬೆಳಗ್ಗೆ ಏಳ್ತಿರ್ಲಿಲ್ಲ ಕುಸುಮ. ಅಡುಗೆಗೆ ತಡ ಆಗುತ್ತೆ ಅಂತ ದೇವೀರಪ್ಪ ಸಾವ್ಕಾರ್ರೇ ನನ್ನ ಹೆಸರು ಒಪ್ಪಿಸಿದ್ರು.” ಲೋಟ ಕೆಳಗಿಟ್ಟಳು. “ಆ ಮಕ್ಕಳ ಹೆಸರೂ ಒಪ್ಪಿಸ್ಬಿಡಿ ಅಂತ ಒಂದ್ಸಲ ಅಂದೆ. ಅವು ಬಂದು ಹೋಗೋವು, ಬಾಗಿಲಿಗೆ ಯಾಕೆ ತೊಂದ್ರೆ ಅಂದ್ರು.”

“ಮತ್ತೆ ನೀನಾದ್ರೂ...”

“ಮೊದ್ಲು ಹೆದ್ರಿಕೆ. ಸುಳ್ಳು ಯಾಕೆ ಹೇಳ್ಲಿ, ಆಮೇಲೆ ಹೆದ್ರಿಕೆಯೂ ಇರ್ಲಿಲ್ಲ. ಅಭ್ಯಾಸ ಆಗೋಗಿತ್ತು. ಬೆಳಗ್ಗೆ ಹೋಗೋದು, ಒಲೆ ಹಚ್ಚೋದು. ಈ ಚಿಕ್ಕತಾಯಿ ದಿನಾ ಬಾಗಿಲ ಹಿಂದೆ ನಿಂತಿರೋಳು. ನಾನು ಬಾಯೊಳಗೇ ಅಂದು ಬಾಗಿಲು ಸಂದು ಮಾಡ್ಕೊಂಡು ನುಗ್ಗಿಬಿಡ್ತಿದ್ದೆ. ‘ನಿಂಗಕ್ಕ, ನಿನ್ನ ಮಾತು ಕೇಳುತ್ತಾ ಇದು?’ ಅನ್ನೋಳು. ‘ಇಲ್ಲ ಮಗ, ತಂತಾನೇ ತೆರ್ಕೋತು’ ಅಂತಿದ್ದೆ.” ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಇವತ್ತೂ ನಾನು ಬೇಕು ಅಂತ ಹೇಳ್ಲಿಲ್ಲ ಕಣೆ. ತಂತಾನೇ ಬಂತು.”

ನನಗೆ ಅವಳನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ತಡವಾಗಿ ಬಂದ ಕರುಣೆಯಷ್ಟು ಕೆಟ್ಟದ್ದನ್ನು ನಾನು ಬೇರೆ ಕಂಡಿಲ್ಲ. ಇದನ್ನು ಕೋರ್ಟಿನಲ್ಲಿ ಹೇಳದಿದ್ದರೆ ಆ ಹುಡುಗಿ ಸೋತಳು ಎಂದೆ. ಹೇಳಿದರೆ ನಿನ್ನ ತಲೆಗೂ ಬರುತ್ತದೆ ಎಂದೂ ಹೇಳಿದೆ. ಮುಚ್ಚಿಡುವುದು ಸರಿಯಲ್ಲವಲ್ಲ. ಅವಳು ಲೋಟಗಳನ್ನು ಒರೆಸಿ ಕವುಚಿಟ್ಟು, “ಆ ವಕೀಲಮ್ಮ ಎಷ್ಟೊತ್ತಿಗೆ ಬರ್ತಾರೆ?” ಅಂದಳು.

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಜಡ್ಜು ಮೊದಲೇ ಎಚ್ಚರಿಸಿದರು. “ನೋಡಮ್ಮ, ನೀನು ಹೇಳೋದು ನಿನಗೇ ವಿರುದ್ಧವಾಗಬಹುದು. ಗೊತ್ತಾ?”

“ಗೊತ್ತು ಸ್ವಾಮಿ.”

ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಸಾವುಕಾರರು ಅಂದ ಮಾತನ್ನೂ ಬಿಡಲಿಲ್ಲ. ದೇವೀರಪ್ಪ ಟವಲು ತೆಗೆದು ಮಡಿಲಲ್ಲಿಟ್ಟುಕೊಂಡ. ರಂಗಧಾಮಯ್ಯ ಎದ್ದು ನಿಂತ. “ಅಂದರೆ ಬಾಗಿಲು ತೆರೆಯೋ ಶಕ್ತಿ ನಿನಗಿತ್ತು. ದಿನಾ ಬೆಳಗ್ಗೆ ಇತ್ತು. ಅಲ್ವೇನಮ್ಮ?”

“ಇತ್ತು.”

“ಹಾಗಾದರೆ ಅವರನ್ನ ಕೂಡಿ ಹಾಕಿದೋಳು ನೀನೇ, ನನ್ನ ಕಕ್ಷಿದಾರ ಅಲ್ಲ.”

“ನಾನೂ,” ಅಂದಳು ನಿಂಗಕ್ಕ.

“ಅಷ್ಟು ವರ್ಷ ಬಾಯಿ ಬಿಡದವಳು ಕಮಿಷನರ್ ಮುಂದೆ ಯಾಕೆ ಹೇಳಿದೆ?”

ನಿಂಗಕ್ಕ ಅವನ ಕಡೆ ನೋಡಲಿಲ್ಲ. ಚಿಕ್ಕತಾಯಿಯ ಕಡೆ ತಿರುಗಿದಳು. “ಆವಾಗ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ಬೇಡದೇ ಇರೋವಾಗ ಹೇಳ್ಬಿಟ್ಟೆ.”

ಚಿಕ್ಕತಾಯಿ ಕಿಟಕಿಯ ಆಚೆ ನೋಡುತ್ತಿದ್ದಳು.

ಕೋರ್ಟಿನವರು ಮತ್ತೆ ಎಣ್ಣೆಗಾಣದ ಬೀದಿಗೆ ಹೋಗಿ ನಿಂಗಕ್ಕನ ಮಾತಿಗೆ ಬಾಗಿಲು ತೆರೆಯುವುದನ್ನು ಕಣ್ಣಾರೆ ಕಂಡರು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ತೀರ್ಪು ಬಂತು. ಒಳಗಿದ್ದವರ ಹೆಸರನ್ನು ಬಾಗಿಲಿಗೆ ಒಪ್ಪಿಸದೆ, ಅವರ ಪಾಡಿನಿಂದ ಲಾಭ ಪಡೆದದ್ದಕ್ಕಾಗಿ ದೇವೀರಪ್ಪ ಆ ಮನೆಯನ್ನು ವಾದಿಗೆ ಬಿಟ್ಟುಕೊಡಬೇಕು, ತಾನೇ ನಿಂತು ಅವಳ ಹೆಸರು ಒಪ್ಪಿಸಬೇಕು. ಅವನು ಬಾಗಿಲುವಾಡದ ಮೇಲೆ ಕೈಯಿಟ್ಟು ವಾಡಿಕೆಯಂತೆ ‘ಇವರು ನಮ್ಮ...’ ಎಂದು ಶುರುಮಾಡಿದ. ಚಿಕ್ಕತಾಯಿ ತಡೆದಳು. “ನಾನು ನಿಮ್ಮವಳಲ್ಲ. ಮನೆ ಇವಳದು ಅಂತ ಹೇಳಿ.” ಹಾಗೇ ಹೇಳಿದ. ಅವಳು ಅರಿಸಿನದ ಕೈ ಊರಿ, ಬೀದಿಯ ಕೊನೆಯ ತನಕ ಕೇಳುವ ಹಾಗೆ ತನ್ನ ಹೆಸರು ಹೇಳಿದಳು.

ನಿಂಗಕ್ಕನ ವಿಷಯ ಉಳಿದಿತ್ತು. ರಂಗಧಾಮಯ್ಯನ ಅರ್ಜಿಯಿಂದ ಅವಳೂ ಪ್ರತಿವಾದಿಯಾಗಿದ್ದಳು. ಮೆಹರ್ ಮೇಡಂ, “ಅವಳನ್ನ ಕೈಬಿಡೋಣವಾ? ಅವಳ ಹತ್ರ ಏನಿದೆ?” ಎಂದು ಕೇಳಿದರು.

“ಅವಳ ಹತ್ರ ಆ ಮಾತಿದೆಯಲ್ಲ,” ಅಂದಳು ಚಿಕ್ಕತಾಯಿ. ಜಡ್ಜಿನ ಮುಂದೆ ತಾನೇ ಎದ್ದು ನಿಂತಳು. “ಸ್ವಾಮಿ, ದಿನಾ ಬೆಳಗ್ಗೆ ಅಡುಗೆಗೆ ಬರ್ತಿದ್ದ ಹೊತ್ತಿಗೆ ಇವಳು ಬಂದು ಹೊರಗೆ ನಿಲ್ಬೇಕು. ನಾನು ಒಳಗೆ ನಿಂತಿರ್ತೀನಿ. ಇವಳು ಬಾಯ್ತುಂಬ ‘ತೆರೆಯವ್ವ’ ಅನ್ಬೇಕು. ನಾನು ಆಚೆ ಬರ್ಬೇಕು. ಅಷ್ಟೇ.”

“ಎಲ್ಲಿಯವರೆಗೆ?”

“ನಂಗೆ ಸಾಕು ಅನ್ನಿಸೋವರೆಗೆ.”

ಇದಕ್ಕೆ ಯಾವ ಸೆಕ್ಷನ್ನೂ ಇಲ್ಲವೆಂದು ಜಡ್ಜು ಕನ್ನಡಕ ಒರೆಸಿದರು. ಇಬ್ಬರೂ ಒಪ್ಪಿದರೆ ರಾಜಿಯಾಗಿ ದಾಖಲಿಸಬಹುದು ಅಂದರು. ನಿಂಗಕ್ಕ ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಅದೂ ಊರಿಗೆ ರೂಢಿಯಾಯಿತು. ನಾನು ಒಲೆ ಹಚ್ಚಲು ಬರುವ ದಾರಿ ಅದೇ ಆದ್ದರಿಂದ ದಿನವೂ ನೋಡುತ್ತಿದ್ದೆ. ನಿಂಗಕ್ಕ ಬಾಗಿಲೆದುರು ನಿಂತು ಹೇಳುವಳು. ಬಾಗಿಲು ತೆರೆಯುವುದು. ಚಿಕ್ಕತಾಯಿ ಹೊರಬಂದು, ಅವಳ ಮುಖ ನೋಡದೆ, ಮಾತಾಡದೆ, ಬೀದಿಯ ಕೊನೆಯ ತನಕ ಕುಂಟುತ್ತ ನಡೆದು ಹೋಗಿ, ತಿರುಗಿ ಬರುವಳು. ಹಾಲಿನವನು ಸೈಕಲ್ಲಿನಿಂದ ಇಳಿದು ದಾರಿ ಬಿಡುತ್ತಿದ್ದ. ನಿಂಗಕ್ಕ ಆಮೇಲೆ ನನ್ನಲ್ಲಿಗೆ ಬಂದು ಚಟ್ನಿಗೆ ಕೂರುತ್ತಿದ್ದಳು. “ಏನಾದ್ರೂ ಅಂದ್ಲಾ?” ಎಂದು ಕೇಳಿದರೆ, “ಅನ್ನೋಕೆ ಏನಿದೆ?” ಅನ್ನುತ್ತಿದ್ದಳು.

ಈ ಚಳಿಗಾಲದಲ್ಲಿ ನಿಂಗಕ್ಕನಿಗೆ ಕೆಮ್ಮು ಹಿಡಿದು ಗಂಟಲು ಪೂರ್ತಿ ಕಟ್ಟಿಹೋಯಿತು. ಬೇಡವೆಂದರೂ ಕೇಳದೆ ಕಂಬಳಿ ಹೊದ್ದು ಹೊರಟಳು. ನಾನು ಕಷಾಯದ ಲೋಟ ಹಿಡಿದು ಹಿಂದೆಯೇ ಹೋದೆ. ಬಾಗಿಲೆದುರು ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೆ ತೆರೆದಳು. ಬಾಗಿಲು ಮಿಸುಕಲಿಲ್ಲ. ಹಲಗೆಯ ಕೆಳಗಿನ ಸಂದಿನಲ್ಲಿ ಚಿಕ್ಕತಾಯಿಯ ಪಾದಗಳು ಕಾಣುತ್ತಿದ್ದವು. ಅಷ್ಟು ಹತ್ತಿರ ನಿಂತಿದ್ದಳು. ಅವಳು ಒಂದು ಮಾತು ಅಂದರೆ ತೆರೆಯುತ್ತಿತ್ತು, ಮನೆ ಅವಳದೇ. ಅಂತಾಳೆ, ಈಗ ಅಂತಾಳೆ ಎಂದು ನಾನು ಕಾದೆ.

ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು. ಸಿಟ್ಟಿರಲಿಲ್ಲ ಅದರಲ್ಲಿ. “ನಿಂಗಕ್ಕ, ಮನೆಗೆ ಹೋಗು. ಗಂಟಲು ಬಂದ್ಮೇಲೆ ಬಾ.”

ನಿಂಗಕ್ಕ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಒಳಗೂ ಬಳೆಯ ಸದ್ದಾಯಿತು, ಅವಳೂ ಕೂತಳೆಂದು ಕಾಣುತ್ತದೆ. ಬಾಗಿಲಿನ ಆಚೆಗೊಬ್ಬಳು, ಈಚೆಗೊಬ್ಬಳು. ನಾನು ಕಷಾಯ ಕೊಟ್ಟೆ. ನಿಂಗಕ್ಕ ಎರಡು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಹಲಗೆಗೆ ಬಾಯಿ ಹತ್ತಿರ ತಂದು ಮತ್ತೊಮ್ಮೆ ಪ್ರಯತ್ನಪಟ್ಟಳು. ನನ್ನ ಗಂಟಲು ಸರಿಯಾಗಿಯೇ ಇತ್ತು. ಆದರೆ ಆ ಬಾಗಿಲಿಗೆ ನನ್ನ ಹೆಸರು ಗೊತ್ತಿರಲಿಲ್ಲ.